ಎಂ.ಕಾಂ ಪ್ರಾಜೆಕ್ಟ್: ಇಎಸ್‌ಜಿ ಹೂಡಿಕೆ, ನಮ್ಮ ಭಾಗದ ಸಿಮೆಂಟ್ ಕಂಪನಿಗಳನ್ನು ಹೋಲಿಸೋದು ಹೇಗೆ?

ತೊಗರಿನಾಡಿನ_ಹುಡುಗಿ

ನಮಸ್ಕಾರ. ಕಲಬುರಗಿಯಲ್ಲಿ ಎಂ.ಕಾಂ ಕೊನೇ ಸೆಮಿಸ್ಟರ್. ಪ್ರಾಜೆಕ್ಟ್‌ಗೆ ಇಎಸ್‌ಜಿ ಹೂಡಿಕೆ ತಗೊಂಡಿದ್ದೀನಿ, ಅಂದರೆ ಲಾಭದ ಜೊತೆ ಪರಿಸರ, ಸಮಾಜ, ಆಡಳಿತ ಮೂರನ್ನೂ ನೋಡಿ ಹಣ ಹಾಕೋದು. ಗೈಡ್ ಮೇಡಂ ಸಿನಾಪ್ಸಿಸ್ ನೋಡಿ "ಬಹಳ ಅಗಲ ಆಯ್ತು, ಕಡಿಮೆ ಮಾಡ್ಕೊಂಡು ಬಾ" ಅಂದಿದ್ದಾರೆ.

ಈಗಿರೋ ಪ್ಲಾನ್: ಇಎಸ್‌ಜಿ ಮ್ಯೂಚುವಲ್ ಫಂಡ್‌ಗಳ ರಿಟರ್ನ್ ಮಾಮೂಲಿ ಫಂಡ್‌ಗಿಂತ ಹೆಚ್ಚೋ ಕಡಿಮೆಯೋ ಅನ್ನೋದು ಒಂದು ಅಧ್ಯಾಯ. ವಾಡಿ, ಸೇಡಂ, ಮಳಖೇಡ ಕಡೆ ಫ್ಯಾಕ್ಟರಿ ಇರೋ ಸಿಮೆಂಟ್ ಕಂಪನಿಗಳ ಇಎಸ್‌ಜಿ ಸ್ಕೋರ್ ಹೋಲಿಕೆ ಇನ್ನೊಂದು. ಆಮೇಲೆ 100 ಜನರ ಸರ್ವೇ.

ಸಿಕ್ಕಿಹಾಕಿಕೊಂಡಿರೋದು ಇಲ್ಲಿ. ಒಂದೇ ಕಂಪನಿಗೆ ಮೂರು ಏಜೆನ್ಸಿ ಮೂರು ಥರ ಸ್ಕೋರ್ ಕೊಟ್ಟಿವೆ, ಸರಾಸರಿ ತೆಗೆದರೆ ನಡೆಯುತ್ತಾ? ಬಿಆರ್‌ಎಸ್‌ಆರ್ (ಕಂಪನಿಗಳು ಪ್ರತಿ ವರ್ಷ ಕೊಡೋ ಹೊಣೆಗಾರಿಕೆ-ಸುಸ್ಥಿರತೆ ವರದಿ) ತೆಗೆದರೆ ಪುಟಗಟ್ಟಲೆ ಇದೆ, ಅದರಲ್ಲಿ ಯಾವುದನ್ನು ನೋಡಬೇಕು? 'ಸಮಾಜ' ಭಾಗಕ್ಕೆ ಸಿಎಸ್‌ಆರ್ ಖರ್ಚು (ಕಂಪನಿ ಸಮಾಜಸೇವೆಗೆ ಹಾಕೋ ದುಡ್ಡು) ತಗೊಂಡರೆ ಸಾಕಾ? ಕೈಯಲ್ಲಿರೋದು ಎಕ್ಸೆಲ್ ಮಾತ್ರ, ದುಡ್ಡು ಕೊಟ್ಟು ನೋಡೋ ಡೇಟಾಬೇಸ್ ನಮ್ಮ ಲೈಬ್ರರಿಯಲ್ಲಿಲ್ಲ. ಸಮಯ ಎರಡೂವರೆ ತಿಂಗಳು.

ಲೆಕ್ಕದ_ಮನುಷ್ಯ

ಮೊದಲು ಸ್ಕೋರ್ ವಿಷಯ. ಸರಾಸರಿ ಖಂಡಿತ ತೆಗೆಯಬೇಡಿ. ಸಸ್ಟೇನಲಿಟಿಕ್ಸ್ ಕೊಡೋದು ಅಪಾಯದ ಅಂಕ, ಅದರಲ್ಲಿ ಕಡಿಮೆ ಇದ್ದಷ್ಟೂ ಒಳ್ಳೆಯದು. ಬೇರೆ ಹಲವರದ್ದು ಹೆಚ್ಚಿದ್ದಷ್ಟೂ ಒಳ್ಳೆಯದು. ಎರಡನ್ನೂ ಕೂಡಿಸಿ ಭಾಗಿಸಿದರೆ ಬರೋ ಸಂಖ್ಯೆಗೆ ಅರ್ಥವೇ ಇರಲ್ಲ. ದಿಕ್ಕು ಸರಿಮಾಡಿಕೊಂಡರೂ ತೊಂದರೆ ಹೋಗಲ್ಲ. ಬರ್ಗ್, ಕೋಲ್ಬೆಲ್, ರಿಗೊಬೋನ್ ಅವರ ಅಧ್ಯಯನ 2022ರಲ್ಲಿ ರಿವ್ಯೂ ಆಫ್ ಫೈನಾನ್ಸ್ ಪತ್ರಿಕೆಯಲ್ಲಿ ಬಂದಿದೆ. ಆರು ಏಜೆನ್ಸಿಗಳ ಸ್ಕೋರ್‌ಗಳ ನಡುವಿನ ಸಹಸಂಬಂಧ ಸರಾಸರಿ 0.54 ಮಾತ್ರ (ಪೂರ್ತಿ ಹೊಂದಿದ್ದರೆ 1 ಇರಬೇಕಿತ್ತು). ಈ ವ್ಯತ್ಯಾಸದಲ್ಲಿ ಶೇ. 56 ಪಾಲು ಒಂದೇ ವಿಷಯವನ್ನು ಬೇರೆ ಬೇರೆ ರೀತಿ ಅಳೆದದ್ದರಿಂದ, ಶೇ. 38 ಯಾವ ವಿಷಯ ಸೇರಿಸಬೇಕು ಅನ್ನೋದರಿಂದ, ತೂಕ ಹೆಚ್ಚುಕಡಿಮೆ ಕೊಟ್ಟದ್ದರಿಂದ ಬರೀ ಶೇ. 6. ಅಂದರೆ ಜಗಳ ಅಭಿಪ್ರಾಯದ್ದಲ್ಲ, ಅಳತೆಯದ್ದು. ಸಾಹಿತ್ಯ ವಿಮರ್ಶೆ ಅಧ್ಯಾಯಕ್ಕೆ ಇದೊಂದನ್ನು ಪೂರ್ತಿ ಓದಿದರೆ, ಸಾರಾಂಶ ಕತ್ತರಿಸಿ ಅಂಟಿಸಿದ ಮೂವತ್ತು ಲೇಖನಕ್ಕಿಂತ ಹೆಚ್ಚು ಸಿಗುತ್ತದೆ.

ಇನ್ನೂ ಒಂದು: ಬಹಳಷ್ಟು ಸ್ಕೋರ್‌ಗಳು ಹೇಳೋದು ಪರಿಸರದ ಬದಲಾವಣೆಯಿಂದ ಕಂಪನಿಯ ಹಣಕ್ಕೆ ಎಷ್ಟು ಪೆಟ್ಟು ಬೀಳಬಹುದು ಅಂತ. ಕಂಪನಿಯಿಂದ ಊರಿಗೆ ಎಷ್ಟು ಪೆಟ್ಟು ಅಂತ ಅಲ್ಲ. ಇವೆರಡನ್ನು ಬೆರೆಸಿ ಬರೆದ ವರದಿಗಳೇ ಜಾಸ್ತಿ. ಸ್ಕೋರ್ ಹಾಕಿದ ಸಂಸ್ಥೆಗೆ ದುಡ್ಡು ಕೊಟ್ಟವರು ಕಂಪನಿಯೋ ಚಂದಾದಾರರೋ ಅನ್ನೋದನ್ನೂ ಒಂದು ಕಾಲಂನಲ್ಲಿ ಬರೆಯಿರಿ. ಷೇರುಪೇಟೆ ನಿಯಂತ್ರಕ ಸೆಬಿ 2023ರಲ್ಲಿ ಈ ಸಂಸ್ಥೆಗಳನ್ನು ನಿಯಮದಡಿ ತಂದಾಗ ಎರಡೂ ಮಾದರಿಗೆ ಅವಕಾಶ ಕೊಟ್ಟಿದೆ.

ಹಾಗಾಗಿ ಸ್ಕೋರ್ ಬಿಡಿ, ಮೂಲ ಅಂಕಿ ಹಿಡಿಯಿರಿ. ಬಿಆರ್‌ಎಸ್‌ಆರ್ ಮಾದರಿಯನ್ನು ಸೆಬಿ 2021ರ ಮೇನಲ್ಲಿ ತಂದಿತು. 2022-23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಕಂಪನಿಗಳಿಗೆ ಕಡ್ಡಾಯ. ಎ, ಬಿ, ಸಿ ಅಂತ ಮೂರು ಭಾಗ, ಸಿ ಭಾಗದಲ್ಲಿ ಒಂಬತ್ತು ತತ್ವ. ಪ್ರತಿ ತತ್ವದಲ್ಲೂ ಕಡ್ಡಾಯ ಸೂಚಕಗಳು, ಐಚ್ಛಿಕ ಸೂಚಕಗಳು ಬೇರೆ ಬೇರೆ. ಸ್ಕೋಪ್ 1 (ಕಂಪನಿ ತಾನೇ ಬಿಡೋ ಹೊಗೆ, ಅಂದರೆ ಇಂಗಾಲದ ಡೈಆಕ್ಸೈಡ್ ಥರದ ಅನಿಲ), ಸ್ಕೋಪ್ 2 (ಕೊಂಡ ಕರೆಂಟ್‌ನ ಹೊಗೆ) ಕಡ್ಡಾಯದಲ್ಲಿವೆ, ಸ್ಕೋಪ್ 3 (ಸರಕು ಕೊಟ್ಟವರು, ಗಿರಾಕಿಗಳು ಬಿಡೋ ಹೊಗೆ) ಐಚ್ಛಿಕದಲ್ಲಿದೆ. ಒಬ್ಬರು ಸ್ಕೋಪ್ 3 ಕೊಟ್ಟು ಇನ್ನೊಬ್ಬರು ಕೊಡದಿದ್ದರೆ ಕೊಟ್ಟವರು ಹೆಚ್ಚು ಹೊಗೆ ಬಿಟ್ಟ ಹಾಗೆ ಕಾಣುತ್ತದೆ, ಹುಷಾರು.

ನೀವು ನೋಡಬೇಕಾದ್ದು ಇಷ್ಟು. ಎ ಭಾಗದಲ್ಲಿ ವರದಿಯ ವ್ಯಾಪ್ತಿ (ಕಂಪನಿ ಒಂದರದ್ದೋ, ಅಂಗಸಂಸ್ಥೆಗಳೂ ಸೇರಿಯೋ), ಕಾಯಂ ಮತ್ತು ಕಾಯಂ ಅಲ್ಲದ ಕಾರ್ಮಿಕರ ಸಂಖ್ಯೆ, ದೂರುಗಳ ಪಟ್ಟಿ. ತತ್ವ 3ರಲ್ಲಿ ಅಪಘಾತ, ಸಾವು. ತತ್ವ 6ರಲ್ಲಿ ಶಕ್ತಿ, ನೀರು, ಹೊಗೆ, ತ್ಯಾಜ್ಯ. ತತ್ವ 8ರಲ್ಲಿ ಗ್ರಾಮೀಣ, ಅರೆನಗರ, ನಗರ, ಮಹಾನಗರ ಅಂತ ಎಲ್ಲಿ ಎಷ್ಟು ಸಂಬಳ ಹೋಗಿದೆ ಅನ್ನೋ ಶೇಕಡಾವಾರು. ನಮ್ಮ ಜಿಲ್ಲೆಯ ಪ್ರಾಜೆಕ್ಟ್‌ಗೆ ಈ ಕೊನೆಯದು ಬಂಗಾರದಂಥ ಅಂಕಿ, ಯಾರೂ ಬಳಸಲ್ಲ. ಉಳಿದ ಪುಟ ನೀತಿ-ಘೋಷಣೆ, ಒಮ್ಮೆ ಕಣ್ಣಾಡಿಸಿ ಬಿಡಿ.

ಸಿಎಸ್‌ಆರ್ ಬೇರೆ. ಅದು 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2. ಲಾಭ ಮಾಡಿದ ಮೇಲೆ ಖರ್ಚು ಮಾಡೋದು. ಇಎಸ್‌ಜಿ ಕೇಳೋದು ಆ ಲಾಭ ಹೇಗೆ ಬಂತು ಅಂತ. ಶಾಲೆಗೆ ಬೆಂಚು ಕೊಟ್ಟ ಖರ್ಚನ್ನು 'ಸಮಾಜ' ಅಂಕಕ್ಕೆ ಹಾಕಿದರೆ, ಹೆಚ್ಚು ಲಾಭ ಮಾಡಿದ ಕಂಪನಿಯೇ ಹೆಚ್ಚು ಒಳ್ಳೆಯದು ಅಂತ ಬರುತ್ತದೆ.

ವಾಡಿ_ಜಂಕ್ಷನ್

ಮ್ಯಾಲಿನವರು ಹೇಳಿದ್ದು ಖರೆ ಅದ. ಆದ್ರ ತತ್ವ 6ರ ಅಂಕಿನ ಹಂಗೇ ತಗೊಂಡ್ರ ಕೆಡ್ತದ ತಂಗಿ, ಸಿಮೆಂಟ್ ಗೊತ್ತಿರಬೇಕು.

ಬಿಆರ್‌ಎಸ್‌ಆರ್ ಒಳಗ ಹೊಗಿ ತೀವ್ರತೆ ಅಂತ ಒಂದು ಸಾಲು ಇರ್ತದ, ಪ್ರತಿ ರೂಪಾಯಿ ವಹಿವಾಟಿಗೆ ಇಷ್ಟು ಟನ್ ಅಂತ. ಅದನ್ನ ನಂಬಬ್ಯಾಡ್ರಿ. ಲೆಕ್ಕ ನೋಡ್ರಿ, ಸುಮ್ನ ಒಂದು ಉದಾಹರಣಿ: ಕಂಪನಿ 1 ಕೋಟಿ ಟನ್ ಸಿಮೆಂಟ್ ಮಾಡ್ತು, ಹೊಗಿ 58 ಲಕ್ಷ ಟನ್, ವಹಿವಾಟು 5,000 ಕೋಟಿ ರೂ. ಕೋಟಿಗೆ 1,160 ಟನ್ ಆತು. ಮುಂದಿನ ವರ್ಷ ಅಷ್ಟೇ ಸಿಮೆಂಟ್, ಅಷ್ಟೇ ಹೊಗಿ, ಚೀಲದ ರೇಟ್ ಶೇ. 10 ಏರ್ತು. ವಹಿವಾಟು 5,500 ಕೋಟಿ, ತೀವ್ರತೆ 1,055ಕ್ಕ ಇಳೀತು. ಒಂದು ಗ್ರಾಂ ಹೊಗಿ ಕಡಿಮಿ ಆಗಿಲ್ಲ, ಆದ್ರ ವರದಿಯೊಳಗ ಶೇ. 9 ಸುಧಾರಣಿ! ಅದಕ್ಕ ಟನ್ ಸಿಮೆಂಟ್‌ಗೆ ಎಷ್ಟು ಕಿಲೋ ಅಂತ ನೀವೇ ತೆಗೀರಿ. ಉತ್ಪಾದನೆ ಅಂಕಿ ವಾರ್ಷಿಕ ವರದಿಯೊಳಗ ಸಿಗ್ತದ. ಮಾರಾಟದ ಟನ್ ಅಷ್ಟೇ ಕೊಟ್ಟಿದ್ರ ಎಲ್ಲಾ ಕಂಪನಿಗೂ ಮಾರಾಟದ್ದೇ ತಗೋರಿ, ಬೆರೆಸಬ್ಯಾಡ್ರಿ.

ಸುಣ್ಣದ ಕಲ್ಲು ಸುಟ್ಟಾಗ ಏನಾಗ್ತದ ಅಂತ ಒಂದು ಪ್ಯಾರಾ ಬರೀರಿ, ಯಾಕಂದ್ರ ಪರೀಕ್ಷಕರು ಕೇಳೋದು ಅದನ್ನೇ. ಶುದ್ಧ ಸುಣ್ಣದ ಕಲ್ಲು 100 ಕಿಲೋ ಸುಟ್ರ 56 ಕಿಲೋ ಸುಟ್ಟ ಸುಣ್ಣ, 44 ಕಿಲೋ ಇಂಗಾಲದ ಡೈಆಕ್ಸೈಡ್. ಕಲ್ಲಿನೊಳಗಿಂದ ಬರೋ ಹೊಗಿ ಇದು, ಕಲ್ಲಿದ್ದಲಿಂದಲ್ಲ. ಒಂದು ಟನ್ ಕ್ಲಿಂಕರ್‌ಗೆ (ಕಲ್ಲು ಸುಟ್ಟಾಗ ಬರೋ ಗಟ್ಟಿ, ಅದನ್ನ ಅರೆದ್ರ ಸಿಮೆಂಟ್) ಬರೀ ಕಲ್ಲಿಂದ ಸುಮಾರು 520-530 ಕಿಲೋ, ಇಂಧನ ಸೇರಿಸಿದ್ರ 800 ದಾಟ್ತದ. ಅಂದ್ರ ಛತ್ತಿನ ಮ್ಯಾಲ ಎಷ್ಟು ಸೋಲಾರ್ ಹಾಕಿದ್ರೂ ಈ 520 ಹೋಗಲ್ಲ. ಕ್ಲಿಂಕರ್ ಕಡಿಮಿ ಹಾಕೋದೇ ದೊಡ್ಡ ದಾರಿ. ಓಪಿಸಿ (ಸಾದಾ ಸಿಮೆಂಟ್) ಅಂದ್ರ ಹೆಚ್ಚುಕಡಿಮಿ ಎಲ್ಲಾ ಕ್ಲಿಂಕರ್, ಪಿಪಿಸಿ (ಬೂದಿ ಬೆರೆಸಿದ ಸಿಮೆಂಟ್) ಒಳಗ ಹಾರುಬೂದಿ ಶೇ. 15ರಿಂದ 35, ಸ್ಲ್ಯಾಗ್ ಸಿಮೆಂಟ್ ಒಳಗ ಸ್ಲ್ಯಾಗ್ (ಕಬ್ಬಿಣದ ಕುಲುಮಿ ಕಿಟ್ಟ) ಶೇ. 25ರಿಂದ 70. ನಿಮ್ಮ ಟೇಬಲ್‌ನಾಗ ಕ್ಲಿಂಕರ್ ಪಾಲು ಅಂತ ಒಂದು ಕಾಲಂ ಇರಲೇಬೇಕು. ಕೊನೆಗೆ ಟನ್ ಸಿಮೆಂಟ್‌ಗೆ 450ರಿಂದ 650 ಕಿಲೋ ಆಸುಪಾಸು ಬಂದ್ರ ನಿಮ್ಮ ಲೆಕ್ಕ ಸರಿ ಅದ. 90 ಬಂದ್ರ, ಇಲ್ಲಾ 6,000 ಬಂದ್ರ ಯೂನಿಟ್ ತಪ್ಪ್ಯಾದ.

ಇನ್ನ ಮೋಸ ಹೋಗೋ ಜಾಗ:

ಕ್ಲಿಂಕರ್ ಹೊರಗಿಂದ ಖರೀದಿ ಮಾಡಿ ಬರೀ ಅರೆಯೋ ಘಟಕ ಜಾಸ್ತಿ ಇರೋ ಕಂಪನಿಗೆ ಸ್ಕೋಪ್ 1 ಭಾಳ ಕಡಿಮಿ ಬರ್ತದ. ಹೊಗಿ ಹೋಗಿರಲ್ಲ, ಮಾರಿದವರ ಲೆಕ್ಕಕ್ಕ ಹೋಗಿರ್ತದ, ಇವರಿಗೆ ಅದು ಸ್ಕೋಪ್ 3.

ಸ್ವಂತ ಕಲ್ಲಿದ್ದಲು ವಿದ್ಯುತ್ ಘಟಕ ಇದ್ರ ಆ ಹೊಗಿ ಸ್ಕೋಪ್ 1. ಗ್ರಿಡ್ ಕರೆಂಟ್ ತಗೊಂಡ್ರ ಸ್ಕೋಪ್ 2, ಯೂನಿಟ್‌ಗೆ ಸುಮಾರು 0.7 ಕಿಲೋ ಲೆಕ್ಕ. ಅದಕ್ಕ ಸ್ಕೋಪ್ 1 ಒಂದನ್ನೇ ಹೋಲಿಸಬ್ಯಾಡ್ರಿ, ಎರಡೂ ಕೂಡಿಸಿ ನೋಡ್ರಿ.

ತೊಗರಿ ಕಟ್ಟಿಗಿಯಂಥಾ ಜೈವಿಕ ಇಂಧನ ಸುಟ್ರ ಅದರ ಹೊಗಿ ಸ್ಕೋಪ್ 1ರಾಗ ಬರಲ್ಲ, ಪ್ರತ್ಯೇಕ ತೋರಿಸ್ತಾರ. ಅದು ನಿಯಮಾನೇ, ಮುಚ್ಚಿಟ್ಟಾರ ಅಂತ ಬರೀಬ್ಯಾಡ್ರಿ.

ನೀರಿಂದು: ತೆಗೆದ ನೀರು ಬ್ಯಾರೆ, ಬಳಸಿದ ನೀರು ಬ್ಯಾರೆ. ಗಣಿ ಗುಂಡಿಯೊಳಗ ನಿಂತ ಮಳಿ ನೀರನ್ನ ಒಬ್ಬರು ಮೇಲ್ಮೈ ನೀರು ಅಂತಾರ, ಇನ್ನೊಬ್ಬರು 'ಇತರೆ' ಅಂತಾರ. 'ವಾಟರ್ ಪಾಸಿಟಿವ್' ಅಂತ ದೊಡ್ಡಕ್ಷರದಾಗ ಇದ್ರ, ಇಂಗಿಸಿದ್ದು ಎಷ್ಟು, ಎತ್ತಿದ್ದು ಎಷ್ಟು, ಎರಡೂ ಒಂದೇ ಊರಾಗೇನು ಅಂತ ನೋಡ್ರಿ.

ಭೀಮಾತೀರ

ಇಬ್ಬರೂ ಹೇಳಿದ್ದರಲ್ಲಿ ಒಂದು ದೊಡ್ಡ ಅಂತರ ಉಳಿದಿದೆ. ಬಿಆರ್‌ಎಸ್‌ಆರ್ ಇಡೀ ಕಂಪನಿಯದ್ದು. ರಾಜಸ್ಥಾನದ ಘಟಕ, ವಾಡಿಯ ಘಟಕ ಎಲ್ಲ ಸೇರಿ ಒಂದು ಸಂಖ್ಯೆ. "ನಮ್ಮ ಭಾಗದ ಸಿಮೆಂಟ್" ಅಂತ ಶೀರ್ಷಿಕೆ ಕೊಟ್ಟು ಇಡೀ ದೇಶದ ಅಂಕಿ ಹಾಕಿದರೆ ವೈವಾದಲ್ಲಿ ಮೊದಲ ಪ್ರಶ್ನೆಗೇ ಬೀಳ್ತೀರಿ.

ಘಟಕದ ಮಟ್ಟಕ್ಕೆ ಇಳಿಯೋಕೆ ದಾರಿ ಇದೆ. ಪರಿಸರ ಅನುಮತಿ ಪಡೆದ ಪ್ರತಿ ಘಟಕವೂ ಆರು ತಿಂಗಳಿಗೊಮ್ಮೆ ಷರತ್ತು ಪಾಲನೆ ವರದಿ ಕೊಡಬೇಕು, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ. ಕಂಪನಿ ವೆಬ್‌ಸೈಟ್‌ನಲ್ಲಿ ಹಾಕಬೇಕು ಅನ್ನೋದೂ ಷರತ್ತಿನಲ್ಲಿರುತ್ತದೆ. ಅದರಲ್ಲಿ ಆ ಘಟಕದ ಧೂಳು, ನೀರು, ಹಸಿರು ಪಟ್ಟಿ ಎಲ್ಲ ಇರುತ್ತದೆ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಅನುಮತಿ ಪತ್ರ ಸಿಗುತ್ತದೆ, ವಿಸ್ತರಣೆಗೆ ಅರ್ಜಿ ಹಾಕಿದ್ದರೆ ಸಾರ್ವಜನಿಕ ಅಹವಾಲು ಸಭೆಯ ನಡಾವಳಿಯೂ ಸಿಗಬಹುದು. ಆ ನಡಾವಳಿ ಬಿಡಬೇಡಿ. ಊರಿನವರು ಉದ್ಯೋಗ, ಧೂಳು, ಬ್ಲಾಸ್ಟಿಂಗ್, ಬಾವಿ ನೀರು ಅಂತ ಕೇಳಿದ್ದು, ಕಂಪನಿ ಕೊಟ್ಟ ಉತ್ತರ, ಎರಡೂ ಅಕ್ಕಪಕ್ಕ ಇರುತ್ತವೆ.

ಇನ್ನೊಂದು, ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡೋ ಪರಿಸರ ಹೇಳಿಕೆ, ಅದೇ ಫಾರಂ 5. ಒಂದು ಟನ್ ಉತ್ಪನ್ನಕ್ಕೆ ಎಷ್ಟು ನೀರು, ಎಷ್ಟು ಕಚ್ಚಾವಸ್ತು ಅಂತ ಘಟಕವಾರು ಇರುತ್ತದೆ. ಆನ್‌ಲೈನ್‌ನಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಶುಲ್ಕ 10 ರೂ. ಉತ್ತರಕ್ಕೆ 30 ದಿನ ಗಡುವು. ನಿಮ್ಮ ಹತ್ತಿರ ಎರಡೂವರೆ ತಿಂಗಳಿರೋದರಿಂದ ಈ ವಾರವೇ ಹಾಕಬೇಕು. "ಎಲ್ಲ ಮಾಹಿತಿ ಕೊಡಿ" ಅಂತ ಬರೆದರೆ ವಾಪಸ್ ಬರುತ್ತದೆ. ಘಟಕದ ಹೆಸರು, ತಾಲೂಕು, ಯಾವ ವರ್ಷದ ಫಾರಂ 5ರ ಪ್ರತಿ ಅಂತ ನಿಖರವಾಗಿ ಬರೆಯಿರಿ.

ಬಿಆರ್‌ಎಸ್‌ಆರ್ ಒಳಗೇ ಘಟಕದ ಮಟ್ಟದ ಒಂದು ಕಿಟಕಿ ಇದೆ: ತತ್ವ 6ರ ಐಚ್ಛಿಕ ಸೂಚಕಗಳಲ್ಲಿ ನೀರಿನ ಅಭಾವ ಇರೋ ಜಾಗದ ಪ್ರತಿ ಘಟಕ ಎಷ್ಟು ನೀರು ಎತ್ತಿದೆ ಅಂತ. ಕಂಪನಿ ನಮ್ಮ ಜಿಲ್ಲೆಯ ಘಟಕವನ್ನು ಆ ಪಟ್ಟಿಗೆ ಸೇರಿಸಿದೆಯೋ ಇಲ್ಲವೋ ಅನ್ನೋದೇ ಒಂದು ಮಾಹಿತಿ.

ಎ ಭಾಗದ ದೂರು ಪಟ್ಟಿಯಲ್ಲಿ 'ಸಮುದಾಯ' ಎದುರಿಗೆ ಸೊನ್ನೆ ಇದ್ದರೆ ಅದನ್ನು ಒಳ್ಳೆಯ ಅಂಕ ಅಂತ ಹಾಕಬೇಡಿ. ದೂರು ಕೊಡೋ ವಿಳಾಸ ಇಂಗ್ಲಿಷ್ ವೆಬ್‌ಪುಟವೊಂದೇ ಆಗಿದ್ದರೆ ಊರಿನವರು ದೂರನ್ನು ತಹಶೀಲ್ದಾರರಿಗೆ ಕೊಟ್ಟಿರುತ್ತಾರೆ, ಕಂಪನಿ ಪುಸ್ತಕದಲ್ಲಿ ಸೊನ್ನೆ ಇರುತ್ತದೆ. ನಡಾವಳಿಯ ಜೊತೆ ಇಟ್ಟು ನೋಡಿದರೆ ಗೊತ್ತಾಗುತ್ತದೆ.

ಕಂಪನಿ ಆಯ್ಕೆಯಲ್ಲಿ ಎಡವೋದು ಸುಲಭ. ಛತ್ರಸಾಲದ ಕಲಬುರ್ಗಿ ಸಿಮೆಂಟ್ ಫ್ರಾನ್ಸಿನ ವಿಕಾ ಗುಂಪಿನದ್ದು, ಇಲ್ಲಿನ ಷೇರುಪೇಟೆಯಲ್ಲಿಲ್ಲ, ಅದಕ್ಕೆ ಬಿಆರ್‌ಎಸ್‌ಆರ್ ಹುಡುಕಬೇಡಿ. ಸೇಡಂನ ವಾಸವದತ್ತಾ ಘಟಕ ಮೊದಲು ಕೇಶೋರಾಂ ಕೈಲಿತ್ತು, 2025ರ ಮಾರ್ಚ್‌ನಲ್ಲಿ ಅಲ್ಟ್ರಾಟೆಕ್‌ಗೆ ಸೇರಿತು. ಚಿತ್ತಾಪುರ ಕಡೆ ಘಟಕ ಇರೋ ಓರಿಯಂಟ್ ಸಿಮೆಂಟ್ 2025ರಲ್ಲಿ ಅಂಬುಜಾ ಕೈಗೆ ಹೋಯಿತು. ವಾಡಿಯ ಎಸಿಸಿ ಹಣಕಾಸು ವರ್ಷ ಬದಲಿಸಿದ್ದರಿಂದ 2023ರ ಮಾರ್ಚ್‌ಗೆ ಮುಗಿದ ಲೆಕ್ಕ 15 ತಿಂಗಳದ್ದು. 15 ತಿಂಗಳ ಅಂಕಿಯನ್ನು 12 ತಿಂಗಳ ಜೊತೆ ಹೋಲಿಸಿ "ಹೊಗೆ ಇಳಿದಿದೆ" ಅಂತ ಬರೆದುಬಿಟ್ಟರೆ ಮುಗೀತು.

ತೊಗರಿನಾಡಿನ_ಹುಡುಗಿ

ಎಲ್ಲರಿಗೂ ಧನ್ಯವಾದ. ಆರ್‌ಟಿಐ ನಾಳೆನೇ ಹಾಕ್ತೀನಿ. ಆದರೆ ಪ್ರೈಮರಿ ಡೇಟಾ ಕಡ್ಡಾಯ ಅಂತ ವಿಭಾಗದಲ್ಲಿ ನಿಯಮ ಇದೆ, ಸರ್ವೇ ಬಿಡೋಕಾಗಲ್ಲ. ಗೂಗಲ್ ಫಾರ್ಮ್‌ನಲ್ಲಿ "ಪರಿಸರಸ್ನೇಹಿ ಕಂಪನಿಯಲ್ಲಿ ಹೂಡಿಕೆ ಮಾಡಲು ಇಷ್ಟಪಡುತ್ತೀರಾ" ಅಂತ ಐದು ಹಂತದ ಪ್ರಶ್ನೆ ಮಾಡಿದ್ದೀನಿ. ಮತ್ತೆ ಫಂಡ್ ರಿಟರ್ನ್ ಅಧ್ಯಾಯ ಪೂರ್ತಿ ತೆಗೆಯೋದಾ?

ಬೀದರ್_ಕೋಟೆ

ಆ ಪ್ರಶ್ನೆಗೆ ನೂರರಲ್ಲಿ ತೊಂಬತ್ತು ಜನ "ಹೌದು" ಅಂತಾರೆ, ಬೇಡ ಅನ್ನೋಕೆ ಯಾರಿಗೂ ಮನಸ್ಸು ಬರಲ್ಲ. ಅದರಿಂದ ನಿಮಗೆ ಏನೂ ತಿಳಿಯಲ್ಲ. ದುಡ್ಡು ಎದುರಿಗಿಟ್ಟು ಕೇಳಿ. ಎರಡು ಫಂಡ್ ಕೊಡಿ: 'ಕ' ವರ್ಷಕ್ಕೆ ಅಂದಾಜು ಶೇ. 12 ಕೊಡುತ್ತದೆ, ಯಾವ ಕಂಪನಿಯಲ್ಲಾದರೂ ಹಾಕುತ್ತದೆ. 'ಖ' ಶೇ. 11.5 ಕೊಡುತ್ತದೆ, ತಂಬಾಕು, ಮದ್ಯದ ಕಂಪನಿಗೆ ಹಾಕಲ್ಲ. ಯಾವುದು ಆರಿಸ್ತೀರಿ? ಮುಂದಿನ ಕಾರ್ಡ್‌ನಲ್ಲಿ 'ಖ' ಶೇ. 11, ಆಮೇಲೆ 10, ಆಮೇಲೆ 9. ಎಲ್ಲಿ ಕೈ ಬಿಡ್ತಾರೆ ಅನ್ನೋದೇ ನಿಮ್ಮ ಡೇಟಾ. ಕಾರ್ಡ್‌ಗಳ ಕ್ರಮ ಅರ್ಧ ಜನಕ್ಕೆ ತಿರುಗಿಸಿ ಕೊಡಿ, ಇಲ್ಲದಿದ್ದರೆ ಮೊದಲ ಉತ್ತರಕ್ಕೆ ಅಂಟಿಕೊಂಡು ಕೂತುಬಿಡ್ತಾರೆ.

ಫಾರಂನಲ್ಲಿ ಇಎಸ್‌ಜಿ ಅನ್ನೋ ಪದ ಬೇಡ. ಪ್ರಶ್ನೆ ಕನ್ನಡದಲ್ಲಿರಲಿ, ಸುಮಾರು ಹತ್ತು ಜನರ ಮೇಲೆ ಪರೀಕ್ಷಿಸಿ, ಯಾವ ಪ್ರಶ್ನೆಗೆ "ಅಂದ್ರೆ ಏನು?" ಅಂತ ಕೇಳ್ತಾರೋ ಅದನ್ನು ತಿದ್ದಿ. ಡಿಮ್ಯಾಟ್ ಅಥವಾ ಎಸ್‌ಐಪಿ ಇದೆಯಾ ಅಂತ ಮೊದಲೇ ಸೋಸಿ. ವಾಟ್ಸಾಪ್‌ನಲ್ಲಿ ಕ್ಲಾಸ್‌ಮೇಟ್‌ಗಳಿಗೆ ಕಳಿಸಿದ ಫಾರಂಗೆ "ಕಲ್ಯಾಣ ಕರ್ನಾಟಕದ ಹೂಡಿಕೆದಾರರು" ಅಂತ ಹೆಸರಿಡಬೇಡಿ. 384 ಮಾದರಿ ಅನ್ನೋ ಸೂತ್ರ ಬರೋದು ಯಾದೃಚ್ಛಿಕ ಆಯ್ಕೆಗೆ, ಪರಿಚಯದವರ ಪಟ್ಟಿಗೆ ಅದನ್ನು ಅಂಟಿಸಿದರೆ ಪರೀಕ್ಷಕರು ಹಿಡೀತಾರೆ. ಇದು ಅನುಕೂಲಕ್ಕೆ ತಕ್ಕ ಮಾದರಿ, 100 ಜನ, ಅಂತ ನೇರ ಬರೆದರೆ ಮರ್ಯಾದೆ ಉಳಿಯುತ್ತದೆ.

ನಮ್ಮ ಕಡೆ ಕೇಳಲೇಬೇಕಾದ ಒಂದು ಪ್ರಶ್ನೆ: ಧರ್ಮದ ಕಾರಣಕ್ಕೆ ಯಾವುದಾದರೂ ಉದ್ದಿಮೆ ಬಿಡ್ತೀರಾ? ಬಡ್ಡಿ, ಮದ್ಯ ಬಿಟ್ಟು ಹೂಡಿಕೆ ಮಾಡೋರು ಕಲಬುರಗಿ, ಬೀದರ್ ಎರಡರಲ್ಲೂ ಇದ್ದಾರೆ. ನಿಫ್ಟಿ 500 ಷರಿಯಾ ಅಂತ ಸೂಚ್ಯಂಕವೇ ಇದೆ, ಟಾಟಾ ಎಥಿಕಲ್ ಫಂಡ್ ನಡೆಯೋದು ಷರಿಯಾ ನಿಯಮದ ಮೇಲೆ. ಇದೂ ಹೊರಗಿಡೋ ವಿಧಾನವೇ, ಇಎಸ್‌ಜಿ ಅನ್ನೋ ಹೆಸರಿಲ್ಲ ಅಷ್ಟೇ. ಹಾಗೇ ಮೊದಲ ಅಧ್ಯಾಯದಲ್ಲಿ ಕಾಯಕ-ದಾಸೋಹ ಅಂತ ಎರಡು ಪುಟ ಬರೆಯೋ ಚಟ ನಮ್ಮ ಕಡೆಯವರಿಗೆಲ್ಲ ಇದೆ. ಬರೆಯೋದಾದರೆ ಸರ್ವೇಯಲ್ಲಿ ಅದಕ್ಕೊಂದು ಪ್ರಶ್ನೆ ಇಟ್ಟು ಬರೆಯಿರಿ.

ಯಾರಾದರೂ "ಲಾಭ ಬೇಡ, ಕೆಲಸ ಆದರೆ ಸಾಕು" ಅಂದರೆ ಅದು ಸಾಮಾಜಿಕ ಷೇರುಪೇಟೆಯ ಗಿರಾಕಿ. ಅಲ್ಲಿ ಸೇವಾ ಸಂಸ್ಥೆಗಳು ಶೂನ್ಯ ಕೂಪನ್, ಶೂನ್ಯ ಅಸಲು ಪತ್ರ ಬಿಡುಗಡೆ ಮಾಡ್ತವೆ, ಬಡ್ಡಿಯೂ ಇಲ್ಲ, ಅಸಲೂ ವಾಪಸ್ಸಿಲ್ಲ. ಮೊದಲು ಪಟ್ಟಿಯಾದದ್ದು ಬೆಂಗಳೂರಿನ ಉನ್ನತಿ ಫೌಂಡೇಶನ್, 2023ರ ಡಿಸೆಂಬರ್‌ನಲ್ಲಿ. ಇದನ್ನು ಹೂಡಿಕೆ ಅಧ್ಯಾಯದಲ್ಲಿ ರಿಟರ್ನ್ ಜೊತೆ ಹೋಲಿಸಬೇಡಿ, ಅದು ಲೆಕ್ಕಪತ್ರ ಇರೋ ದಾನ.

ಲೆಕ್ಕದ_ಮನುಷ್ಯ

ಫಂಡ್ ಅಧ್ಯಾಯವನ್ನು ನಾಲ್ಕು ಪುಟಕ್ಕೆ ಇಳಿಸಿ, ಪ್ರಶ್ನೆ ಬದಲಿಸಿ. ಇಎಸ್‌ಜಿ ಫಂಡ್‌ಗಳಲ್ಲಿ ಹೆಚ್ಚಿನವು 2020-21ರ ಸುಮಾರಿಗೆ ಬಂದವು. ಇಷ್ಟು ಚಿಕ್ಕ ಅವಧಿಯಲ್ಲಿ ಹೆಚ್ಚೋ ಕಡಿಮೆಯೋ ಅಂತ ಸಾಬೀತು ಮಾಡೋಕೆ ಆಗಲ್ಲ. ಹೋಲಿಸಲೇಬೇಕಿದ್ದರೆ ನಿಫ್ಟಿ 100 ಇಎಸ್‌ಜಿ ಮತ್ತು ನಿಫ್ಟಿ 100, ಎರಡರದ್ದೂ ಡಿವಿಡೆಂಡ್ ಸೇರಿದ ಟಿಆರ್‌ಐ ಸರಣಿ, ಮೂರು ವರ್ಷದ ರೋಲಿಂಗ್ ರಿಟರ್ನ್ (ಶುರುವಿನ ದಿನ ಒಂದೊಂದಾಗಿ ಸರಿಸುತ್ತಾ ಪ್ರತಿ ಮೂರು ವರ್ಷಕ್ಕೂ ತೆಗೆದದ್ದು). ಒಂದರದ್ದು ಟಿಆರ್‌ಐ, ಇನ್ನೊಂದರದ್ದು ಬರೀ ಬೆಲೆ ಸೂಚ್ಯಂಕ ತಗೊಂಡರೆ ವರ್ಷಕ್ಕೆ ಶೇ. 1ಕ್ಕಿಂತ ಹೆಚ್ಚು ಸುಳ್ಳು ಅಂತರ ಬರುತ್ತದೆ. ಸೂಚ್ಯಂಕ ಹೊರಬಂದದ್ದು 2018ರಲ್ಲಿ, ಆದರೆ ಸರಣಿ 2011ರಿಂದ ಸಿಗುತ್ತದೆ. 2018ಕ್ಕಿಂತ ಹಿಂದಿನದು ಆಮೇಲೆ ಕೂತು ಲೆಕ್ಕ ಹಾಕಿದ್ದು. ಅದನ್ನು ಬೇರೆ ಬಣ್ಣದಲ್ಲಿ ತೋರಿಸಿ.

ಇದಕ್ಕಿಂತ ಒಳ್ಳೆಯ ಪ್ರಶ್ನೆ: ಫಂಡ್ ತನ್ನ ಹೆಸರಿಗೆ ತಕ್ಕ ಹಾಗೆ ನಡೆಯುತ್ತಿದೆಯಾ? 2023ರ ಜುಲೈನಲ್ಲಿ ಸೆಬಿ ಆರು ತಂತ್ರಗಳನ್ನು ಹೆಸರಿಸಿದೆ: ಹೊರಗಿಡುವುದು, ಬೆರೆಸಿ ನೋಡುವುದು, ವಲಯದಲ್ಲಿ ಉತ್ತಮರನ್ನು ಆರಿಸುವುದು, ಪರಿಣಾಮ, ಸುಸ್ಥಿರ ಗುರಿ, ಬದಲಾವಣೆಯ ಹಾದಿ. ಫಂಡ್ ಆರಿಸಿಕೊಂಡ ತಂತ್ರದಲ್ಲಿ ಕನಿಷ್ಠ ಶೇ. 80 ಹಣ ಇರಬೇಕು, ತಂತ್ರ ಯಾವುದು ಅಂತ ಹೆಸರಲ್ಲೇ ಗೊತ್ತಾಗಬೇಕು. ಎಸ್‌ಬಿಐನ ಫಂಡ್ ಹೆಸರಲ್ಲಿ ಎಕ್ಸ್‌ಕ್ಲೂಷನರಿ ಅಂತ ಸೇರಿದ್ದು ಹಾಗೆ. ತಿಂಗಳ ಪೋರ್ಟ್‌ಫೋಲಿಯೊ ಹಾಳೆ ಎಎಂಸಿ (ಫಂಡ್ ನಡೆಸೋ ಕಂಪನಿ) ವೆಬ್‌ಸೈಟ್‌ನಲ್ಲಿ ಎಕ್ಸೆಲ್‌ನಲ್ಲೇ ಸಿಗುತ್ತದೆ. ಮೇಲಿನ ಹತ್ತು ಷೇರು ಒಂದು ಮಾಮೂಲಿ ಲಾರ್ಜ್‌ಕ್ಯಾಪ್ ಫಂಡ್ ಜೊತೆ ಎಷ್ಟು ಕೂಡುತ್ತವೆ ಅಂತ ನೋಡಿ. ಬ್ಯಾಂಕುಗಳು ಮುಂದೆ ಇದ್ದರೆ ಕಾರಣ ಬರೆಯಿರಿ: ಬ್ಯಾಂಕಿನ ಸ್ವಂತ ಹೊಗೆ ಅಂದರೆ ಎಸಿ, ಜನರೇಟರ್ ಅಷ್ಟೇ. ಅದು ಸಾಲ ಕೊಟ್ಟ ಫ್ಯಾಕ್ಟರಿಯ ಹೊಗೆ ಸ್ಕೋಪ್ 3, ಅದು ಕಡ್ಡಾಯವಲ್ಲ ಅಂತ ಮೇಲೆ ಹೇಳಿದೆನಲ್ಲ.

ವಾಡಿ_ಜಂಕ್ಷನ್

ಎಕ್ಸೆಲ್ ಒಂದು ಮಾತು. ಬಿಆರ್‌ಎಸ್‌ಆರ್ ಪಿಡಿಎಫ್‌ನಿಂದ ಕೈಲೆ ಟೈಪ್ ಮಾಡಬ್ಯಾಡ್ರಿ. ಎನ್‌ಎಸ್‌ಇ ಸೈಟಿನ ಕಾರ್ಪೊರೇಟ್ ಫೈಲಿಂಗ್ ಒಳಗ ಅದೇ ವರದಿ ಎಕ್ಸ್‌ಬಿಆರ್‌ಎಲ್ (ಕಂಪ್ಯೂಟರ್ ನೇರ ಓದೋ ನಮೂನಿ) ಫೈಲಾಗಿಯೂ ಸಿಗ್ತದ, ಅಲ್ಲಿಂದ ತಗೊಂಡು ಪಿಡಿಎಫ್ ಜೋಡಿ ತಾಳೆ ನೋಡ್ರಿ. ಶಕ್ತಿ ಒಬ್ಬರು ಗಿಗಾಜೌಲ್‌ನಾಗ, ಇನ್ನೊಬ್ಬರು ಟೆರಾಜೌಲ್‌ನಾಗ ಕೊಟ್ಟಿರ್ತಾರ, 1,000 ಪಟ್ಟು ಫರಕು. ಹೊಸ ವರ್ಷದ ವರದಿಯೊಳಗ ಹಿಂದಿನ ವರ್ಷದ ಅಂಕಿ ತಿದ್ದಿರ್ತಾರ, ಅದಕ್ಕ ಪ್ರತಿ ಅಂಕಿ ಪಕ್ಕ ಯಾವ ವರ್ಷದ ವರದಿ, ಎಷ್ಟನೇ ಪುಟ ಅಂತ ಎರಡು ಕಾಲಂ ಹಾಕ್ರಿ. ಅಪಘಾತದ ದರ ಹತ್ತು ಲಕ್ಷ ಕೆಲಸದ ಗಂಟೆಗೆ ಇಷ್ಟು ಅಂತ ಇರ್ತದ, ನೌಕರರದ್ದು ಮತ್ತ ಕಾರ್ಮಿಕರದ್ದು ಬ್ಯಾರೆ ಸಾಲು. ಗುತ್ತಿಗೆ ಮಂದಿ ಯಾವ ಸಾಲಿನಾಗ ಅದಾರ ಅಂತ ಅಡಿಟಿಪ್ಪಣಿ ಓದದ ಆ ಸಂಖ್ಯೆ ಮುಟ್ಟಬ್ಯಾಡ್ರಿ. ಕ್ಲಿಂಕರ್ ಪಾಲು ಸಿಗಲಿಲ್ಲಂದ್ರ ಹೂಡಿಕೆದಾರರ ಪ್ರೆಸೆಂಟೇಶನ್ ಒಳಗ ಬ್ಲೆಂಡೆಡ್ ಸಿಮೆಂಟ್ (ಬೂದಿ, ಸ್ಲ್ಯಾಗ್ ಬೆರೆಸಿದ್ದು) ಶೇಕಡಾ ಅಂತ ಹುಡುಕ್ರಿ, ಅಲ್ಲಿ ಇರ್ತದ.